ನುನ್ ಶಿಖರಕ್ಕೆ (7,135 ಮೀ.) ಗೈಡ್ ಜೊತೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನುನ್ ಹತ್ತುವ ಆಸೆಯಿಟ್ಟುಕೊಂಡು ಆಪರೇಟರ್‌ಗಳಿಗೆ ಫೋನ್ ಮಾಡಲು ಹೊರಟವರು ಹಣ ಕಟ್ಟುವ ಮೊದಲು ಇದನ್ನು ಓದಿಕೊಳ್ಳಿ. ಕೇಳುವವರೆಲ್ಲ ಬೂಟಿನಿಂದ ಶುರು ಮಾಡುತ್ತಾರೆ. ಆದರೆ ಈ ಬೆಟ್ಟದಲ್ಲಿ ಹೆಚ್ಚಿನದನ್ನು ತೀರ್ಮಾನಿಸುವುದು ಬೂಟಲ್ಲ, ಕೈಯಲ್ಲಿ ಎಷ್ಟು ದಿನ ಇವೆ ಎಂಬುದು. ಹಾಗಾಗಿ ದಿನಗಳ ಲೆಕ್ಕಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ನುನ್ ಎಲ್ಲಿದೆ? ಮೊದಲ 7,000 ಮೀಟರ್ ಶಿಖರಕ್ಕೆ ಎಲ್ಲರೂ ಇದರ ಹೆಸರನ್ನೇ ಏಕೆ ಹೇಳುತ್ತಾರೆ?

ಲಡಾಖಿನ ಕಾರ್ಗಿಲ್ ಜಿಲ್ಲೆಯ ಸುರು ಕಣಿವೆಯ ಮೇಲೆ ನುನ್ ಮತ್ತು ಕುನ್ ಅಕ್ಕಪಕ್ಕದಲ್ಲಿವೆ. ನುನ್ 7,135 ಮೀಟರ್, ಕುನ್ 7,077 ಮೀಟರ್. ನುನ್ ತುದಿಯನ್ನು ಮೊದಲು ಮುಟ್ಟಿದ್ದು 1953ರಲ್ಲಿ, ಫ್ರಾನ್ಸಿನ ಕ್ಲೋದ್ ಕೋಗಾನ್ ಮತ್ತು ಸ್ವಿಟ್ಜರ್ಲೆಂಡಿನ ಪಿಯರ್ ವಿಟ್ಟೋಜ್.

ಹೆಸರು ಓಡಾಡಲು ಕಾರಣ ಸರಳ. ತಂಗೋಲ್ ಹಳ್ಳಿಯವರೆಗೂ ವಾಹನ ಹೋಗುತ್ತದೆ, ಅಲ್ಲಿಂದ ಬೇಸ್ ಕ್ಯಾಂಪಿಗೆ ಒಂದೇ ದಿನದ ನಡಿಗೆ. ಇದೇ ಅನುಕೂಲ ಅಪಾಯವೂ ಹೌದು. ವಾರಗಟ್ಟಲೆ ನಡೆದು ತಲುಪುವ ಶಿಖರಗಳಲ್ಲಿ ದೇಹ ದಾರಿಯಲ್ಲೇ ಎತ್ತರಕ್ಕೆ ಹೊಂದಿಕೊಂಡಿರುತ್ತದೆ. ಇಲ್ಲಿ ಜೀಪಿನಿಂದ ಇಳಿದ ಮರುದಿನವೇ 4,600 ಮೀಟರಿನಲ್ಲಿ ಮಲಗುವ ಪ್ಲಾನುಗಳು ಮಾರಾಟಕ್ಕಿವೆ.

ನನಗೆ ಯಾವ ಅನುಭವ ಇರಬೇಕು?

ಕೇದಾರಕಂಠ, ಹಂಪ್ಟಾ ಪಾಸ್ ಮುಗಿಸಿದ್ದೇನೆ ಎಂದರೆ ಸಾಲದು. ಅವು ಚಾರಣ, ಇದು ಹಗ್ಗದ ಮೇಲಿನ ಕೆಲಸ. ನಾವು ಕನಿಷ್ಠ ಎಂದು ಹೇಳುವುದು ಎರಡು: ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್, ಮನಾಲಿ ಅಥವಾ ಪಹಲ್‌ಗಾಮ್ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್, ಮತ್ತು ಕ್ರ್ಯಾಂಪಾನ್ (ಐಸ್ ಮೇಲೆ ಜಾರದಂತೆ ಬೂಟಿಗೆ ತೊಡಿಸುವ ಲೋಹದ ಹಲ್ಲುಗಳು) ಹಾಕಿ ಹತ್ತಿದ ಒಂದಾದರೂ 6,000 ಮೀಟರ್ ಶಿಖರ. ಕೋರ್ಸ್ ಸುಮಾರು ನಾಲ್ಕು ವಾರದ್ದು, ಸೀಟು ತಿಂಗಳುಗಳ ಮೊದಲೇ ತುಂಬುತ್ತದೆ. ಆದ್ದರಿಂದ ಈಗ ಶೂನ್ಯದಿಂದ ಹೊರಟವರು ನುನ್‌ಗೆ ಎರಡು ವರ್ಷದ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

"ಬೇಸ್ ಕ್ಯಾಂಪಿನಲ್ಲೇ ಜುಮಾರ್ ಹಾಕುವುದು ಕಲಿಸಿಕೊಡುತ್ತೇವೆ" ಎನ್ನುವವರಿದ್ದಾರೆ (ಜುಮಾರ್ ಎಂದರೆ ಹಗ್ಗ ಹಿಡಿದು ಹತ್ತಲು ಬಳಸುವ, ಮೇಲಕ್ಕೆ ಮಾತ್ರ ಸರಿಯುವ ಹಿಡಿಕೆ). ಒಂದನೇ ಮತ್ತು ಎರಡನೇ ಕ್ಯಾಂಪಿನ ನಡುವೆ 50 ಡಿಗ್ರಿಗೂ ಕಡಿದಾದ ಹಿಮಗೋಡೆ ಇದೆ. ಅಲ್ಲಿ ನಿಂತು ಕಲಿಯುವ ವಿದ್ಯೆ ಅದಲ್ಲ.

ಯಾವ ತಿಂಗಳು ಸರಿ?

ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಪೀರ್ ಪಂಜಾಲ್ ಮತ್ತು ಮುಖ್ಯ ಹಿಮಾಲಯ ಶ್ರೇಣಿಗಳು ಮುಂಗಾರಿನ ಬಹುಪಾಲನ್ನು ಆ ಕಡೆಯೇ ತಡೆಯುವುದರಿಂದ, ಉತ್ತರಾಖಂಡ ತೊಯ್ದು ತೊಪ್ಪೆಯಾಗಿರುವಾಗಲೂ ಸುರು ಕಣಿವೆ ಹೆಚ್ಚಾಗಿ ಒಣಗಿರುತ್ತದೆ. ಆದರೆ ನುನ್ ಆ ಗೋಡೆಯ ಮೇಲೆಯೇ ಕೂತಿರುವ ಶಿಖರ. ಮೋಡ ಎರಡು ಮೂರು ದಿನ ದಾಟಿ ಬಂದರೆ ಮೊಣಕಾಲು ಮುಳುಗುವಷ್ಟು ಹಿಮ ಬೀಳುವುದುಂಟು.

ಜುಲೈಯಲ್ಲಿ ಹಿಮಬಿರುಕುಗಳ ಮೇಲೆ ಹಿಮ ಮುಚ್ಚಿರುತ್ತದೆ. ದಾಟುವುದು ಸುಲಭ, ಬಿರುಕು ಎಲ್ಲಿದೆಯೆಂದು ಕಾಣುವುದು ಕಷ್ಟ. ಆಗಸ್ಟ್ ಕೊನೆಗೆ ಬಿರುಕುಗಳು ಬಾಯಿಬಿಟ್ಟು ಕಣ್ಣಿಗೆ ಬೀಳುತ್ತವೆ, ಆದರೆ ಎರಡನೇ ಕ್ಯಾಂಪಿನ ಕೆಳಗಿನ ಹಿಮಗೋಡೆಯ ಮೇಲಿನ ಹಿಮ ಕರಗಿ ಗಾಜಿನಂಥ ಗಟ್ಟಿ ಐಸ್ ಮೇಲೇಳುತ್ತದೆ. ಮೊದಲ ಬಾರಿಗೆ ಬರುವವರಿಗೆ ಜುಲೈ ಕೊನೆ, ಆಗಸ್ಟ್ ಮೊದಲ ಭಾಗ ವಾಸಿ.

ದಿನಾಂಕ ಗೊತ್ತುಮಾಡುವಾಗ ಮೊಹರಂ ಯಾವಾಗ ಬರುತ್ತದೆ ನೋಡಿ. ಸುರು ಕಣಿವೆಯ ಜನ ಹೆಚ್ಚಿನವರು ಶಿಯಾ ಮುಸ್ಲಿಮರು. ಮೊಹರಂನ ಹತ್ತನೇ ದಿನವಾದ ಆಶುರಾದ ಆಸುಪಾಸಿನಲ್ಲಿ ಪೋರ್ಟರ್‌ಗಳೂ ವಾಹನಗಳೂ ಸಿಗುವುದು ಕಷ್ಟ, ಸಿಗಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಆ ತಿಥಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ.

ಒಟ್ಟು ಎಷ್ಟು ದಿನ ಬೇಕು? 16 ದಿನದ ಪ್ಯಾಕೇಜ್ ನೋಡಿದೆ, ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ಶ್ರೀನಗರದಿಂದ ಶ್ರೀನಗರಕ್ಕೆ 24 ದಿನ ಇಟ್ಟುಕೊಳ್ಳಿ. ಏಕೆಂದು ಲೆಕ್ಕ ಹಾಕೋಣ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಇರಬೇಕು ಎಂಬುದು ಎತ್ತರದ ಕಾಯಿಲೆ ಬಲ್ಲ ವೈದ್ಯರೆಲ್ಲ ಒಪ್ಪುವ ಅಳತೆ. ಈಗ ನುನ್ ದಾರಿ ನೋಡಿ. ಕಾರ್ಗಿಲ್ ಸುಮಾರು 2,700 ಮೀಟರ್, ತಂಗೋಲ್ 3,400ರ ಆಸುಪಾಸು, ಬೇಸ್ ಕ್ಯಾಂಪ್ 4,600, ಒಂದನೇ ಕ್ಯಾಂಪ್ 5,400, ಎರಡನೆಯದು 6,100, ಮೂರನೆಯದು 6,300ರ ಸುತ್ತಮುತ್ತ. ಆಯಾ ವರ್ಷದ ಹಿಮ ನೋಡಿ ಕ್ಯಾಂಪ್ ಜಾಗ ನೂರಿನ್ನೂರು ಮೀಟರ್ ಆಚೀಚೆ ಆಗುತ್ತದೆ. ತಂಗೋಲಿನಿಂದ ಬೇಸ್ ಕ್ಯಾಂಪಿಗೇ 1,200 ಮೀಟರ್ ಏರಿಕೆ. ಅಳತೆ ಮೊದಲ ಹೆಜ್ಜೆಯಲ್ಲೇ ಮುರಿಯುತ್ತದೆ. ಅದನ್ನು ಸರಿದೂಗಿಸಲು ಇರುವ ದಾರಿಯೆಂದರೆ ಹಗಲು ಹತ್ತುವುದು, ರಾತ್ರಿ ಕೆಳಗೆ ಬಂದು ಮಲಗುವುದು, ನಡುವೆ ಸುಮ್ಮನೆ ಕೂರುವುದು.

ಒಂದು ಒಳ್ಳೆಯ ಪ್ಲಾನ್ ಹೀಗಿರುತ್ತದೆ. ಮೂರನೇ ದಿನ ತಂಗೋಲ್. ನಾಲ್ಕನೇ ದಿನ 4,000 ಮೀಟರ್‌ವರೆಗೆ ಹತ್ತಿ ವಾಪಸ್. ಐದನೇ ದಿನ ಬೇಸ್ ಕ್ಯಾಂಪಿಗೆ ಸ್ವಲ್ಪ ಸಾಮಾನು ಹೊತ್ತು ಹೋಗಿ ಮತ್ತೆ ತಂಗೋಲ್, ಇಲ್ಲವೇ ಮಧ್ಯೆ ನೀರಿರುವ ಕಡೆ ಒಂದು ರಾತ್ರಿ. ಆರನೇ ದಿನ ಬೇಸ್ ಕ್ಯಾಂಪ್, ಏಳನೇ ದಿನ ವಿಶ್ರಾಂತಿ. ಎಂಟನೇ ದಿನ ಒಂದನೇ ಕ್ಯಾಂಪಿಗೆ ಲೋಡ್ ಫೆರಿ (ಸಾಮಾನು ಮುಟ್ಟಿಸಿ ವಾಪಸ್), ಒಂಬತ್ತನೇ ದಿನ ವಿಶ್ರಾಂತಿ. ಹತ್ತನೇ ದಿನ ಮೇಲೆ ಹೋಗಿ ಮಲಗಿ, ಹನ್ನೊಂದನೇ ದಿನ ಎರಡನೇ ಕ್ಯಾಂಪಿಗೆ ಸಾಮಾನು ಮುಟ್ಟಿಸಿ ಒಂದಕ್ಕೇ ಇಳಿದು ಮಲಗಿ, ಹನ್ನೆರಡಕ್ಕೆ ಪೂರ್ತಿ ಕೆಳಗೆ. 13 ಮತ್ತು 14 ಬೇಸ್ ಕ್ಯಾಂಪಿನಲ್ಲಿ ಊಟ, ನಿದ್ದೆ. 15ರಿಂದ 17 ಒಂದೊಂದೇ ಕ್ಯಾಂಪ್ ಮೇಲಕ್ಕೆ, 18ಕ್ಕೆ ಶಿಖರ, 19ಕ್ಕೆ ಬೇಸ್ ಕ್ಯಾಂಪ್. 20, 21, 22 ಹವಾಮಾನಕ್ಕೆ ಮೀಸಲು. 23, 24 ಹಿಂದಿರುಗಲು.

16 ದಿನದ ಪ್ಯಾಕೇಜಿನಲ್ಲಿ ಕಡಿತವಾಗುವುದು ಯಾವುದು ಹೇಳಿ? ವಿಶ್ರಾಂತಿಯ ದಿನಗಳು ಮತ್ತು ಮೀಸಲು ದಿನಗಳು. ಅಂದರೆ ಎಲ್ಲರಿಗೂ ದೇಹ ಒಗ್ಗಿ, ಹವಾಮಾನವೂ ಅದೇ ಒಂದು ದಿನ ಕೈಹಿಡಿದರೆ ಮಾತ್ರ ಶಿಖರ. ರಜೆ ಸಿಗುವುದೇ 16 ದಿನ ಎಂದಾದರೆ ನುನ್ ಬಿಟ್ಟು ಒಂದು 6,000 ಮೀಟರ್ ಶಿಖರಕ್ಕೆ ಹೋಗಿ ಬನ್ನಿ. ಆ ದಿನಗಳಲ್ಲಿ ಅದು ಚೆನ್ನಾಗಿಯೇ ಆಗುತ್ತದೆ.

ಆಪರೇಟರನ್ನು ಹೇಗೆ ಆರಿಸುವುದು?

ದರ ಒಬ್ಬರಿಂದ ಒಬ್ಬರಿಗೆ ಲಕ್ಷಗಟ್ಟಲೆ ಬದಲಾಗುತ್ತದೆ. ಕಡಿಮೆ ದರ ಎಂದರೆ ಮೋಸ ಎಂದೇನಲ್ಲ, ಎಲ್ಲೋ ಏನೋ ಕಡಿಮೆಯಾಗಿದೆ ಎಂದರ್ಥ. ಅದು ಏನು ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಮೊದಲು ದಿನವಾರು ಪಟ್ಟಿ. ಅದರಲ್ಲಿ ಎಷ್ಟು ವಿಶ್ರಾಂತಿ, ಎಷ್ಟು ಮೀಸಲು ದಿನ ಎಣಿಸಿ. ಎರಡನೆಯದು, ಶಿಖರದ ದಿನ ಎಷ್ಟು ಜನರಿಗೆ ಒಬ್ಬ ಗೈಡ್? ಇಬ್ಬರಿಗೆ ಒಬ್ಬರು ಸರಿಯಾದ ಲೆಕ್ಕ. ಆರು ಜನರಿಗೆ ಇಬ್ಬರು ಗೈಡ್ ಇದ್ದು ಒಬ್ಬರಿಗೆ ಹುಷಾರು ತಪ್ಪಿದರೆ, ಒಬ್ಬ ಗೈಡ್ ಅವರ ಜೊತೆ ಕೆಳಗಿಳಿಯುತ್ತಾನೆ, ಉಳಿದ ಐವರಿಗೆ ಒಬ್ಬನೇ. ಆಗ ಎಲ್ಲರೂ ಇಳಿಯಬೇಕು, ಇಲ್ಲವೇ ತಪ್ಪು ತೀರ್ಮಾನ ಆಗಬೇಕು. ಮೂರನೆಯದು, ಮುಖ್ಯ ಗೈಡ್ ಯಾರು, ಅಡ್ವಾನ್ಸ್ ಕೋರ್ಸ್ ಮತ್ತು ಬೋಧಕರ ತರಬೇತಿ ಮುಗಿಸಿದ್ದಾರೆಯೇ, ನುನ್ ಮೇಲೆ ಮೊದಲು ಕೆಲಸ ಮಾಡಿದ್ದಾರೆಯೇ? "ಅನುಭವಿ ಶೆರ್ಪಾ ತಂಡ" ಎಂಬುದು ಉತ್ತರವಲ್ಲ, ಹೆಸರು ಬೇಕು.

ಆಮೇಲೆ ಸಾಮಾನು. ಫಿಕ್ಸ್ ಮಾಡುವ ಹಗ್ಗ ಎಷ್ಟು ಮೀಟರ್, ಹೊಸದೋ ಹಳೆಯದೋ? ಹಗ್ಗ ಕಟ್ಟಲು ಹಿಮಕ್ಕೆ ಬಡಿಯುವ ಸ್ನೋ ಸ್ಟೇಕ್, ಗಟ್ಟಿ ಐಸಿಗೆ ತಿರುಗಿಸುವ ಐಸ್ ಸ್ಕ್ರೂ ಎಷ್ಟು? ಬೇಸ್ ಕ್ಯಾಂಪಿನಲ್ಲಿ ಆಮ್ಲಜನಕ ಸಿಲಿಂಡರ್, ರೆಗ್ಯುಲೇಟರ್, ಮಾಸ್ಕ್ ಇದೆಯೇ? ಗಾಳಿ ತುಂಬಿ ರೋಗಿಯನ್ನು ಒಳಗೆ ಮಲಗಿಸುವ ಒತ್ತಡದ ಚೀಲ ಇದೆಯೇ? ಮೊದಲ ಎರಡಕ್ಕೆ ಥಟ್ಟನೆ ಸಂಖ್ಯೆ ಹೇಳುವವರು ನಿಜಕ್ಕೂ ಪ್ಯಾಕಿಂಗ್ ಮಾಡಿದವರು. ಬೇರೆ ತಂಡ ಹಾಕಿದ ಹಗ್ಗವನ್ನೇ ಬಳಸಿಕೊಂಡರಾಯಿತು ಎಂಬ ಲೆಕ್ಕದಲ್ಲಿ ಬರುವವರೂ ಇದ್ದಾರೆ. ಆ ತಂಡ ಬರದಿದ್ದರೆ ಏನು ಎಂದು ಕೇಳಿ ನೋಡಿ.

ಪೋರ್ಟರ್‌ಗಳಿಗೆ ವಿಮೆ ಇದೆಯೇ, ಮೇಲಿನ ಕ್ಯಾಂಪಿಗೆ ಹೊರುವವರಿಗೆ ಒಳಬೂಟು ಬೇರೆಯಾಗುವ ಡಬಲ್ ಬೂಟು ಕೊಡುತ್ತಾರೆಯೇ ಎಂದೂ ಕೇಳಿ. ಅವರ ಕಾಲಿಗೆ ಸರಿಯಾದ ಬೂಟು ಕೊಡದವರು ನಿಮ್ಮ ವಿಷಯದಲ್ಲೂ ಎಲ್ಲೋ ಉಳಿತಾಯ ಮಾಡಿರುತ್ತಾರೆ.

ಪರವಾನಗಿ ಯಾರು ಕೊಡುತ್ತಾರೆ?

ದೆಹಲಿಯಲ್ಲಿರುವ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ, ಎಲ್ಲರೂ ಐಎಂಎಫ್ ಎನ್ನುವುದು. ಸದಸ್ಯರ ಪಟ್ಟಿ, ದಾರಿ, ದಿನಾಂಕ, ಶುಲ್ಕ ಎಲ್ಲವನ್ನೂ ಆಪರೇಟರ್ ಸಲ್ಲಿಸುತ್ತಾರೆ. ನಿಮ್ಮ ಕೆಲಸ ಎರಡೇ: ವೈದ್ಯಕೀಯ ಪ್ರಮಾಣಪತ್ರ, ಗುರುತಿನ ಚೀಟಿ ಸಮಯಕ್ಕೆ ಕೊಡುವುದು, ಪರವಾನಗಿ ಪತ್ರದಲ್ಲಿ ನಿಮ್ಮ ಹೆಸರು ಇದೆಯೇ ಎಂದು ಹೊರಡುವ ಮೊದಲೇ ನೋಡುವುದು. ಗುಂಪಿನ ಪರವಾನಗಿಯಲ್ಲಿ ಹೆಸರಿಲ್ಲದೆ ಹೋದವರಿಗೆ ಏನಾದರೂ ಆದರೆ ವಿಮೆ, ರಕ್ಷಣೆ ಎಲ್ಲವೂ ತೊಡಕಾಗುತ್ತದೆ.

ಬೆಂಗಳೂರಿನಿಂದ ಹೋಗುವುದು ಹೇಗೆ? ಲೇಹ್‌ಗೆ ವಿಮಾನದಲ್ಲಿ ಹೋದರೆ ಬೇಗ ಅಲ್ಲವೇ?

ಶ್ರೀನಗರದ ಮೂಲಕ ಹೋಗಿ. ಶ್ರೀನಗರ ಸುಮಾರು 1,600 ಮೀಟರಿನಲ್ಲಿದೆ, ಅಲ್ಲಿಂದ ಕಾರ್ಗಿಲ್ ಸುಮಾರು 200 ಕಿ.ಮೀ. ಎತ್ತರ ನಿಧಾನವಾಗಿ ಏರುತ್ತದೆ. ಲೇಹ್ ಆದರೆ ಬೆಂಗಳೂರಿನ 920 ಮೀಟರಿನಿಂದ ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಸುಮಾರು 3,500 ಮೀಟರ್. ಎರಡು ಮೂರು ದಿನ ತಲೆ ಹಿಡಿದುಕೊಂಡು ಕೂರಬೇಕು, ಮೇಲೆ ಕಾರ್ಗಿಲ್‌ಗೆ 200 ಕಿ.ಮೀ.ಗೂ ಹೆಚ್ಚು ರಸ್ತೆ.

ದಾರಿಯಲ್ಲಿ 3,528 ಮೀಟರಿನ ಝೋಜಿ ಲಾ ಎಂಬ ಕಣಿವೆದಾರಿ ದಾಟಬೇಕು. ಮಳೆ ಬಂದರೆ ಕಲ್ಲುಮಣ್ಣು ಜಾರಿ ರಸ್ತೆ ಮುಚ್ಚುತ್ತದೆ, ಆದ್ದರಿಂದ ಶ್ರೀನಗರವನ್ನು ಬೆಳಗಿನ ಜಾವವೇ ಬಿಡಿ. (1948ರ ನವೆಂಬರ್ 1ರಂದು ಇದೇ ಕಣಿವೆಗೆ ಟ್ಯಾಂಕ್ ಏರಿಸಿ ಲಡಾಖಿನ ದಾರಿ ಬಿಡಿಸಿಕೊಂಡ ಕಾರ್ಯಾಚರಣೆ ನಡೆದದ್ದು ಕೊಡಗಿನ ಕೆ.ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ. ಅಂದು ಇದ್ದದ್ದು ಹೇಸರಗತ್ತೆ ದಾರಿ.) ಕಾರ್ಗಿಲ್‌ನಿಂದ ಸಾಂಕೂ, ಪಾನಿಖರ್ ಮೇಲೆ ತಂಗೋಲ್‌ಗೆ ಸುಮಾರು 70 ಕಿ.ಮೀ. ವಾಪಸ್ ಟಿಕೆಟ್ ದಿನಾಂಕ ಬದಲಾಯಿಸಲು ಬರುವಂಥದ್ದನ್ನೇ ತೆಗೆಯಿರಿ.

ವಿಮಾನದಲ್ಲಿ ಗ್ಯಾಸ್ ಕ್ಯಾನ್ ಒಯ್ಯುವಂತಿಲ್ಲ, ಬೆಂಕಿಪೊಟ್ಟಣ, ಲೈಟರ್ ಕೂಡ ಇಲ್ಲ. ಐಸ್ ಆ್ಯಕ್ಸ್, ಕ್ರ್ಯಾಂಪಾನ್, ವಾಕಿಂಗ್ ಪೋಲ್ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಕೈಚೀಲಕ್ಕೆ. ಡಬಲ್ ಬೂಟನ್ನು ಕೈಯಲ್ಲೇ ಹಿಡಿದುಕೊಳ್ಳಿ. ಬ್ಯಾಗ್ ತಪ್ಪಿಹೋದರೆ ಉಳಿದದ್ದನ್ನು ಎಲ್ಲಾದರೂ ಹೊಂದಿಸಬಹುದು, ಪಾದಕ್ಕೆ ಸರಿಹೊಂದುವ ಬೂಟನ್ನಲ್ಲ.

ನಮ್ಮ ಕರ್ನಾಟಕದ ಅತಿ ಎತ್ತರದ ಬೆಟ್ಟವೇ 1,925 ಮೀಟರ್. ಊರಲ್ಲಿದ್ದು ತಯಾರಿ ಹೇಗೆ?

ಎತ್ತರ ಸಿಗುವುದಿಲ್ಲ, ಆದರೆ ಏರು ಧಾರಾಳವಾಗಿ ಸಿಗುತ್ತದೆ. ಆರು ತಿಂಗಳು ಬೇಕು. ವಾರಕ್ಕೆ ಮೂರು ನಾಲ್ಕು ದಿನ 45ರಿಂದ 75 ನಿಮಿಷ, ಮಾತಾಡುತ್ತಾ ಓಡಬಲ್ಲ ವೇಗದಲ್ಲಿ ಓಟ. ಎರಡು ದಿನ ಕಾಲು, ಬೆನ್ನು, ಹೊಟ್ಟೆಯ ಬಲಕ್ಕೆ ವ್ಯಾಯಾಮ. ವಾರಕ್ಕೊಮ್ಮೆ ಹೊರೆ ಹೊತ್ತು ಏರು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದಕ್ಕೆ ಹೇಳಿ ಮಾಡಿಸಿದ ಜಾಗ: 8 ಕೆ.ಜಿ.ಯಿಂದ ಶುರು ಮಾಡಿ ನಾಲ್ಕನೇ ತಿಂಗಳಿಗೆ 15 ಕೆ.ಜಿ. ಹೊತ್ತು ನಾಲ್ಕು ಸಲ ಹತ್ತಿಳಿಯುವಂತಾಗಬೇಕು. ಹೊರೆಗೆ ನೀರಿನ ಕ್ಯಾನ್ ಬಳಸಿ. ಮಂಡಿ ನೋವಿದ್ದರೆ ಮೇಲೆ ಚೆಲ್ಲಿ ಹಗುರಾಗಿ ಇಳಿಯಬಹುದು. ಬೆಂಗಳೂರಿನವರಿಗೆ ಶಿವಗಂಗೆ ಇದೆ, ವಾರದ ದಿನಗಳಿಗೆ ಅಪಾರ್ಟ್‌ಮೆಂಟಿನ ಮೆಟ್ಟಿಲೂ ಆಗುತ್ತದೆ.

ಕುಕ್ಕೆಯಿಂದ ಕುಮಾರ ಪರ್ವತ ಒಂದೇ ದಿನದಲ್ಲಿ ಒಳ್ಳೆಯ ಪರೀಕ್ಷೆ, ಸುಮಾರು 1,600 ಮೀಟರ್ ಏರಿಕೆ. ಆದರೆ ಮಳೆಗಾಲದಲ್ಲಿ ಅರಣ್ಯ ಇಲಾಖೆ ಬಿಡುವುದಿಲ್ಲ, ಬೇಸಿಗೆಯಲ್ಲೂ ಕಾಡ್ಗಿಚ್ಚಿನ ಕಾರಣಕ್ಕೆ ಮುಚ್ಚುತ್ತಾರೆ. ಅಕ್ಟೋಬರ್ ನಂತರ ಚಳಿಗಾಲದಲ್ಲೇ ಮುಗಿಸಿಕೊಳ್ಳಿ. ಹಗ್ಗದ ಕೈಚಳಕಕ್ಕೆ ರಾಮನಗರ, ಸಾವನದುರ್ಗದ ಬಂಡೆಗಳಲ್ಲಿ ಅಭ್ಯಾಸ ಮಾಡಿಸುವ ಕ್ಲಬ್‌ಗಳಿವೆ.

ಜಿಮ್ಮಿನಲ್ಲಿ ಮೈ ಕಟ್ಟಿಕೊಂಡು ಬರುವುದರಿಂದ ಲಾಭ ಕಡಿಮೆ. ಮೇಲೆ ಸಿಗುವ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ. 40ರ ಆಸುಪಾಸು; ಅದರಲ್ಲಿ ಹೆಚ್ಚುವರಿ ಸ್ನಾಯುವನ್ನೂ ಸಾಕಬೇಕು.

ಎತ್ತರದ ಕಾಯಿಲೆ ಬಂದರೆ? ಅದನ್ನು ತಡೆಯುವ ಡೈಮಾಕ್ಸ್ ಮಾತ್ರೆ ತಗೊಳ್ಳಬೇಕೇ?

ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ಬೇಸ್ ಕ್ಯಾಂಪಿನ ಮೊದಲೆರಡು ದಿನ ಹೆಚ್ಚಿನವರಿಗೆ ಇದ್ದದ್ದೇ. ಆಗ ಮೇಲೆ ಹೋಗಬೇಡಿ, ಅಲ್ಲೇ ಇರಿ. ಕಡಿಮೆಯಾದರೆ ಸರಿ, ಜಾಸ್ತಿಯಾದರೆ ಇಳಿಯಿರಿ.

ಅಪಾಯದ ಗುರುತು ಬೇರೆಯೇ. ಸುಮ್ಮನೆ ಕೂತಾಗಲೂ ಏದುಸಿರು, ಒಣ ಕೆಮ್ಮು ನೊರೆಗೆ ತಿರುಗುವುದು, ಎದೆಯಲ್ಲಿ ಗೊರಗೊರ ಸದ್ದು: ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಹೇಪ್ ಎನ್ನುವುದು ಇದನ್ನೇ. ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ: ಮಿದುಳಿನ ಊತ, ಹೇಸ್. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಸಪಾಟು ಜಾಗದಲ್ಲಿ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಸಿ. ಹತ್ತು ಹೆಜ್ಜೆ ಇಡಲಾಗದಿದ್ದರೆ ರಾತ್ರಿಯಾದರೂ ಸರಿ, ಇಳಿಸಲೇಬೇಕು. ಆಮ್ಲಜನಕ, ಒತ್ತಡದ ಚೀಲ, ಡೆಕ್ಸಾಮೆಥಾಸೋನ್, ನಿಫೆಡಿಪಿನ್ ಎಂಬ ಔಷಧಿಗಳು ಎಲ್ಲವೂ ಇಳಿಸಲು ಸಮಯ ಕೊಡುತ್ತವೆ, ಇಳಿಸುವುದನ್ನು ತಪ್ಪಿಸುವುದಿಲ್ಲ. ಕಾಯಿಲೆ ಬಂದವರು "ನಾನು ಚೆನ್ನಾಗಿದ್ದೇನೆ" ಎನ್ನುತ್ತಾರೆ. ಟೆಂಟಿನಲ್ಲಿ ಜೊತೆಗಿರುವವರು ಹೇಳುವ ಮಾತನ್ನೇ ಗೈಡ್ ನಂಬಬೇಕು.

ಡೈಮಾಕ್ಸ್ ಮುನ್ನೆಚ್ಚರಿಕೆಗಾಗಿ ದಿನಕ್ಕೆರಡು ಬಾರಿ 125 ಮಿ.ಗ್ರಾಂ. ವಾಡಿಕೆ. ಸಲ್ಫಾ ಅಲರ್ಜಿ ಇರುವವರು ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು. ಊರಲ್ಲೇ ಎರಡು ದಿನ ತೆಗೆದುಕೊಂಡು ನೋಡಿ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಅದರ ಗುಣ. ನಿದ್ದೆ ಮಾತ್ರೆ, ಮದ್ಯ ಬೇಡವೇ ಬೇಡ.

ಆಕ್ಸಿಮೀಟರ್ ಸಂಖ್ಯೆಗೆ ಹೆದರುವವರೇ ಹೆಚ್ಚು. ಬೇಸ್ ಕ್ಯಾಂಪಿನಲ್ಲಿ 80ರ ಮೇಲೆ, ಎರಡನೇ ಕ್ಯಾಂಪಿನಲ್ಲಿ 70ರ ಮೇಲೆ ಇರುವುದು ಸಾಮಾನ್ಯ. ಬೆರಳು ತಣ್ಣಗಿದ್ದರೆ ಯಂತ್ರ ಸುಳ್ಳು ಹೇಳುತ್ತದೆ, ಬೆಚ್ಚಗೆ ಮಾಡಿಕೊಂಡು ಅಳೆಯಿರಿ. ಒಂದೇ ದಿನದ ಸಂಖ್ಯೆಗಿಂತ ಅದೇ ಜಾಗದಲ್ಲಿ ದಿನದಿಂದ ದಿನಕ್ಕೆ ಏರುತ್ತಿದೆಯೇ ಎಂಬುದು ಮುಖ್ಯ.

ಹೊರಡುವ ಎರಡು ತಿಂಗಳ ಮೊದಲು ರಕ್ತದೊತ್ತಡ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಹೃದಯದ ಪರೀಕ್ಷೆ), ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇದ್ದರೆ ಸರಿಪಡಿಸಿಕೊಳ್ಳಲು ಅಷ್ಟು ಸಮಯ ಬೇಕಾಗುತ್ತದೆ. ಹಲ್ಲಿನ ವೈದ್ಯರನ್ನೂ ಕಾಣಿ.

ಬೂಟು, ಬಟ್ಟೆ ಕೊಳ್ಳುವುದೋ ಬಾಡಿಗೆಯೋ?

ಜಾಕೆಟ್, ಸ್ಲೀಪಿಂಗ್ ಬ್ಯಾಗ್, ಐಸ್ ಆ್ಯಕ್ಸ್ ಬಾಡಿಗೆಗೆ ಅಡ್ಡಿಯಿಲ್ಲ. ಬೂಟು ಆದಷ್ಟೂ ಸ್ವಂತದ್ದಾಗಲಿ. 7,000 ಮೀಟರಿಗೆ ಒಳಬೂಟು ಬೇರೆಯಾಗುವ ಡಬಲ್ ಬೂಟೇ ಬೇಕು. ಒಂದು ದಪ್ಪ ಕಾಲುಚೀಲ ಹಾಕಿ, ಮೆಟ್ಟಿಲ ಅಂಚಿಗೆ ಬೂಟಿನ ತುದಿ ಕುಟ್ಟಿ ನೋಡಿ. ಬೆರಳು ಮುಂದಕ್ಕೆ ತಾಗಬಾರದು. ತಾಗಿದರೆ ಇಳಿಯುವ ದಿನ ಉಗುರು ಹೋಗುತ್ತದೆ, ರಕ್ತ ಓಡಾಟ ನಿಂತು ಬೆರಳೂ ಮರಗಟ್ಟುತ್ತದೆ. ಬಾಡಿಗೆ ಅನಿವಾರ್ಯವಾದರೆ ಹಳೆಯ ಪ್ಲಾಸ್ಟಿಕ್ ಬೂಟು ಬೇಡ: ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಪ್ಲಾಸ್ಟಿಕ್ ಚಳಿಗೆ ಫಳಕ್ಕನೆ ಸೀಳುತ್ತದೆ.

ಕ್ರ್ಯಾಂಪಾನ್ ಉಕ್ಕಿನ 12 ಹಲ್ಲಿನದು, ಹಿಮ ಅಂಟದಂತೆ ಕೆಳಗೆ ರಬ್ಬರ್ ಪಟ್ಟಿ ಇರುವುದು. ಆ ಪಟ್ಟಿ ಇಲ್ಲದಿದ್ದರೆ ಮಧ್ಯಾಹ್ನದ ಒದ್ದೆ ಹಿಮ ಅಂಗಾಲಿಗೆ ಉಂಡೆಗಟ್ಟಿ, ಹಲ್ಲು ನೆಲ ಮುಟ್ಟದೆ ಜಾರುತ್ತೀರಿ. ಅದನ್ನು ನಿಮ್ಮ ಬೂಟಿಗೆ ಊರಲ್ಲೇ ಹೊಂದಿಸಿ, ಬೂಟು ಎತ್ತಿ ಜೋರಾಗಿ ಅಲ್ಲಾಡಿಸಿದರೂ ಕಳಚದಂತೆ ನೋಡಿಕೊಳ್ಳಿ.

ಮೈಮೇಲೆ ಪದರಗಳು: ಉಣ್ಣೆ ಅಥವಾ ಸಿಂಥೆಟಿಕ್ ಒಳಬಟ್ಟೆ, ಫ್ಲೀಸ್, ಗಾಳಿ ತಡೆಯುವ ಹೊರಜಾಕೆಟ್, ಟೋಪಿಯಿರುವ ದಪ್ಪ ಡೌನ್ ಜಾಕೆಟ್. ಹತ್ತಿ ಬನಿಯನ್ ಊರಲ್ಲೇ ಬಿಡಿ. ಶಿಖರದ ಬೆಳಗಿನ ಜಾವ ಗಾಳಿಯೊಂದಿಗೆ ಮೈನಸ್ 20, 25 ಆಗುವುದುಂಟು, ಸ್ಲೀಪಿಂಗ್ ಬ್ಯಾಗೂ ಅಷ್ಟಕ್ಕೆ ತಡೆಯಬೇಕು. ಕೈಗವಸು ಮೂರು ಜೊತೆ: ತೆಳು, ಮಧ್ಯಮ, ದಪ್ಪ ಮಿಟನ್. ಮಿಟನ್‌ಗೆ ಮಣಿಕಟ್ಟಿನ ದಾರ ಕಡ್ಡಾಯ. ಗಾಳಿಗೆ ಒಂದು ಹಾರಿಹೋದರೆ ಆ ದಿನದ ಆರೋಹಣ ಅಲ್ಲಿಗೆ ಮುಗಿಯಿತು. ತಂಪು ಕನ್ನಡಕ ಕೆಟಗರಿ 4ರದ್ದು (ಅತಿ ಕಪ್ಪು ಗಾಜಿನದು), ಇನ್ನೊಂದು ಜೊತೆ ಬ್ಯಾಗಿನಲ್ಲಿ.

ಹಗ್ಗದ ಮೇಲೆ ನನಗೆ ಏನೇನು ಬರಬೇಕು?

ಹಾರ್ನೆಸ್‌ನಿಂದ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಎರಡು ಸ್ಲಿಂಗ್, ಅಂದರೆ ಗಟ್ಟಿ ದಾರದ ಪಟ್ಟಿಗಳು, ಹೊರಡುತ್ತವೆ. ಒಂದರ ತುದಿಗೆ ಜುಮಾರ್, ಇನ್ನೊಂದಕ್ಕೆ ಲಾಕ್ ಕ್ಯಾರಬೀನರ್ (ಲಾಕ್ ಇರುವ ಲೋಹದ ಕೊಂಡಿ), ಅದನ್ನೇ ಸೇಫ್ಟಿ ಎನ್ನುತ್ತೇವೆ. ಹತ್ತುವಾಗ ಎರಡೂ ಹಗ್ಗದ ಮೇಲೆ. ಹಗ್ಗ ಕಟ್ಟಿದ ಗೂಟ ಬಂದಾಗ ಮೊದಲು ಸೇಫ್ಟಿ ಬಿಚ್ಚಿ ಗಂಟಿನ ಆಚೆಯ ಹಗ್ಗಕ್ಕೆ ಹಾಕಿ ಲಾಕ್ ಮಾಡಿ, ಆಮೇಲೆ ಜುಮಾರ್ ತೆಗೆದು ಆಚೆ ಹಾಕಿ. ಯಾವ ಕ್ಷಣದಲ್ಲೂ ಒಂದಾದರೂ ಹಗ್ಗದಲ್ಲಿರಬೇಕು. ಇಳಿಯುವಾಗ ಸೇಫ್ಟಿಯನ್ನು ಗೂಟಕ್ಕೆ ಹಾಕಿ, ಡಿಸೆಂಡರ್ (ಹಗ್ಗದಲ್ಲಿ ನಿಧಾನವಾಗಿ ಇಳಿಯುವ ಸಾಧನ) ಬಿಚ್ಚಿ, ಕೆಳಗಿನ ಹಗ್ಗಕ್ಕೆ ತೊಡಿಸಿ, ಅದರ ಮೇಲೆ ಭಾರ ಬಿಟ್ಟು ನೋಡಿ, ಕೊನೆಗೆ ಸೇಫ್ಟಿ ಬಿಚ್ಚಬೇಕು. ಸುಸ್ತಾದ ಮಧ್ಯಾಹ್ನ ಈ ಕ್ರಮ ಅದಲುಬದಲಾದಾಗಲೇ ಅನಾಹುತ.

ಮನೆಯ ಮೆಟ್ಟಿಲ ಕಂಬಿಗೆ ಹಗ್ಗ ಕಟ್ಟಿ, ದಪ್ಪ ಕೈಗವಸು ಹಾಕಿ, ದೀಪ ಆರಿಸಿ ಇದನ್ನು ಮಾಡಿ. ಕೈ ತಾನಾಗಿ ಮಾಡುವಷ್ಟು ಸಲ. ಜುಮಾರಿನ ಹಲ್ಲಿನಲ್ಲಿ ಐಸ್ ಕೂತರೆ ಹಿಡಿತ ಜಾರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಎರಡನೇ ಕ್ಯಾಂಪಿನ ಮೇಲಿನ ಹಿಮದ ಬಯಲು ಸಪಾಟಾಗಿ ಕಾಣುತ್ತದೆ, ಅಲ್ಲೇ ಬಿರುಕುಗಳು ಅಡಗಿರುವುದು. ಅಲ್ಲಿ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ಹಗ್ಗ ಸಡಿಲ ಬಿಡದೆ ನಡೆಯಬೇಕು.

ಊಟ ಏನು? ಸಸ್ಯಾಹಾರಿಗಳಿಗೆ ತೊಂದರೆಯಾಗುತ್ತದೆಯೇ?

ಬೇಸ್ ಕ್ಯಾಂಪಿನಲ್ಲಿ ಅಡುಗೆಯವರಿರುತ್ತಾರೆ. ಕುಕ್ಕರಿನಲ್ಲಿ ಅನ್ನ, ದಾಲ್, ಪಲ್ಯ, ರೊಟ್ಟಿ. ಸಸ್ಯಾಹಾರಕ್ಕೆ ಏನೂ ಅಡ್ಡಿಯಿಲ್ಲ. ಸಮಸ್ಯೆ ಇರುವುದು ಮೇಲೆ. ಒಂದನೇ ಕ್ಯಾಂಪಿನಲ್ಲಿ ನೀರು ಸುಮಾರು 82 ಡಿಗ್ರಿಗೇ ಕುದಿಯುತ್ತದೆ, ಮೂರನೆಯದರಲ್ಲಿ 80ಕ್ಕೂ ಕಡಿಮೆ. ಅಲ್ಲಿ ಅಕ್ಕಿ ಬೇಳೆ ಬೇಯುವುದಿಲ್ಲ. ಹಸಿವೂ ಸತ್ತಿರುತ್ತದೆ.

ಇಲ್ಲಿ ನಮ್ಮ ಕಡೆಯ ತಿಂಡಿಗಳು ಪ್ಯಾಕೆಟ್ ಊಟಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ರಾಗಿ ಹುರಿಹಿಟ್ಟಿಗೆ ಬೆಂಕಿಯೇ ಬೇಡ, ಬಿಸಿನೀರು, ಬೆಲ್ಲದ ಪುಡಿ, ಹಾಲಿನ ಪುಡಿ ಸಾಕು. ತೆಳು ಅವಲಕ್ಕಿಗೆ ಚಟ್ನಿಪುಡಿ ಕಲಸಿದರೆ ನಾಲಿಗೆ ಸತ್ತವರೂ ನಾಲ್ಕು ತುತ್ತು ತಿನ್ನುತ್ತಾರೆ. ಹುರಿದ ರವೆ, ಒಗ್ಗರಣೆ ಬೆರೆಸಿಟ್ಟ ಉಪ್ಪಿಟ್ಟಿನ ಮಿಕ್ಸ್ ಕೂಡ ಆಗುತ್ತದೆ. ಚಿಕ್ಕಿ ಒಯ್ಯಬೇಡಿ: ಮೈನಸ್ 15ರಲ್ಲಿ ಅದು ಕಲ್ಲು, ಹಲ್ಲು ಹೋಗುತ್ತದೆ. ಕೊಬ್ಬರಿ ಮಿಠಾಯಿ, ಖರ್ಜೂರ, ಗೋಡಂಬಿ ಒಳಜೇಬಿನಲ್ಲಿಟ್ಟರೆ ಮೆತ್ತಗಿರುತ್ತವೆ.

ನೀರು ದಿನಕ್ಕೆ ಮೂರರಿಂದ ನಾಲ್ಕು ಲೀಟರ್, ಎಲ್ಲವೂ ಹಿಮ ಕರಗಿಸಿ. ಇದಕ್ಕೆ ತಲೆಗೆ ದಿನಕ್ಕೆ ಸುಮಾರು 150 ಗ್ರಾಂ ಗ್ಯಾಸ್ ಬೇಕು. ಐವರು ಸದಸ್ಯರು, ಮೂವರು ಗೈಡ್ ಎಂದರೆ ಎಂಟು ಜನ. ಮೇಲಿನ ಕ್ಯಾಂಪುಗಳಲ್ಲಿ ಆರು ರಾತ್ರಿ, ಮೀಸಲು ಎರಡು. ಒಟ್ಟು 9.6 ಕೆ.ಜಿ., ಅಂದರೆ 230 ಗ್ರಾಮಿನ 42 ಕ್ಯಾನ್. ಆಪರೇಟರ್ 20 ಕ್ಯಾನ್ ಎಂದರೆ ಮೇಲೆ ಬಾಯಾರಿ ಕೂರುತ್ತೀರಿ ಎಂದೇ ತಿಳಿಯಿರಿ. ಪ್ರೊಪೇನ್, ಐಸೊಬ್ಯುಟೇನ್ ಮಿಶ್ರಣದ ಕ್ಯಾನೇ ಆಗಬೇಕು. ಬರೀ ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಸಾಮಾನ್ಯ ಲೈಟರ್ ಕೈಕೊಡುವುದೂ ಇದೇ ಕಾರಣಕ್ಕೆ. ಬೆಂಕಿಪೊಟ್ಟಣ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಾರ್ಗಿಲ್‌ನಿಂದ ಒಯ್ಯಿರಿ. ನೀರಿನ ಬಾಟಲಿಯನ್ನು ಬ್ಯಾಗಿನಲ್ಲಿ ತಲೆಕೆಳಗಾಗಿ ಇಡಿ, ಮೊದಲು ಹೆಪ್ಪುಗಟ್ಟುವುದು ಮೇಲ್ಭಾಗ, ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಕೊಳವೆಯಿರುವ ನೀರಿನ ಚೀಲ ಇಲ್ಲಿ ನಿರುಪಯೋಗಿ.

ಶಿಖರದ ದಿನ ಹೇಗಿರುತ್ತದೆ?

ಮಧ್ಯರಾತ್ರಿ 12ರಿಂದ 2ರೊಳಗೆ ಹೊರಡುವುದು. ಬೂಟು, ಹಾರ್ನೆಸ್, ಕ್ರ್ಯಾಂಪಾನ್ ಹಾಕಿಕೊಳ್ಳುವುದಕ್ಕೇ ಒಂದೂವರೆ ಗಂಟೆ ಬೇಕು, ಅದನ್ನು ಲೆಕ್ಕಕ್ಕೆ ಹಿಡಿಯದವರು ಯಾವಾಗಲೂ ತಡ. ಪಶ್ಚಿಮದ ಏಣಿನ (ವೆಸ್ಟ್ ರಿಜ್) ಮೇಲೆ ಸುಮಾರು 800 ಮೀಟರ್ ಏರು, ಹಲವೆಡೆ ಕಡಿದು. ಎಂಟರಿಂದ ಹತ್ತು ಗಂಟೆ ಹತ್ತುವುದು, ನಾಲ್ಕೈದು ಗಂಟೆ ಇಳಿಯುವುದು.

ಹಿಂದಿರುಗುವ ಗಂಟೆಯನ್ನು ಹಿಂದಿನ ಸಂಜೆಯೇ ಎಲ್ಲರೆದುರು ಗೊತ್ತುಮಾಡಬೇಕು, ಸಾಮಾನ್ಯವಾಗಿ ಮಧ್ಯಾಹ್ನ 12. ತುದಿ 80 ಮೀಟರ್ ದೂರದಲ್ಲಿದ್ದರೂ 12 ಎಂದರೆ 12. ಆ ಎತ್ತರದಲ್ಲಿ 80 ಮೀಟರ್ ಎಂದರೆ ಒಂದು ಗಂಟೆಗೂ ಹೆಚ್ಚು, ಅಷ್ಟರಲ್ಲಿ ಮಧ್ಯಾಹ್ನದ ಮೋಡ ಏರಿ ಇಳಿಯುವ ದಾರಿ ಮುಚ್ಚಿರುತ್ತದೆ.

ಫೋನ್ ಸಿಗುತ್ತದೆಯೇ? ಸ್ಯಾಟಲೈಟ್ ಫೋನ್ ಒಯ್ಯಬಹುದೇ?

ಕರ್ನಾಟಕದ ಪ್ರೀಪೇಡ್ ಸಿಮ್ ಲಡಾಖಿನಲ್ಲಿ ನಡೆಯುತ್ತದೆಂದು ನೆಚ್ಚಬೇಡಿ, ಪೋಸ್ಟ್‌ಪೇಡ್ ಇಟ್ಟುಕೊಳ್ಳಿ. ಬೇಸ್ ಕ್ಯಾಂಪಿನಿಂದ ಮೇಲೆ ಅದನ್ನೂ ಮರೆತುಬಿಡಿ; ಕ್ಯಾಂಪಿನಿಂದ ಕ್ಯಾಂಪಿಗೆ ಮಾತಾಡಲು ತಂಡದ ವಾಕಿಟಾಕಿ.

ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನಗಳು ಎರಡೂ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಕಾನೂನುಬಾಹಿರ. ವಿಮಾನ ನಿಲ್ದಾಣದಲ್ಲೇ ಬಂಧನವಾದ ಪ್ರಕರಣಗಳಿವೆ. ಅಮೆರಿಕ, ಯುರೋಪಿನಿಂದ ಬರುವ ನಮ್ಮವರು ಚಾರಣದ ಬ್ಯಾಗಿನಲ್ಲಿ ಇದು ಉಳಿದುಕೊಂಡಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.

ವಿಮೆ? ಹೆಲಿಕಾಪ್ಟರ್ ಬರುತ್ತದೆಯೇ?

ನೇಪಾಳದಂತೆ ಕರೆದ ತಕ್ಷಣ ಬರುವ ಖಾಸಗಿ ಹೆಲಿಕಾಪ್ಟರ್ ವ್ಯವಸ್ಥೆ ಇಲ್ಲಿ ಇಲ್ಲ. ಸೇನೆ, ವಾಯುಪಡೆಯ ನೆರವನ್ನು ಆಡಳಿತದ ಮೂಲಕ ಕೇಳಬೇಕು, ಹವಾಮಾನವೂ ಬಿಡಬೇಕು. ಆದ್ದರಿಂದ ಬೇಸ್ ಕ್ಯಾಂಪ್‌ವರೆಗೆ ರೋಗಿಯನ್ನು ಇಳಿಸುವ ಶಕ್ತಿ ತಂಡದೊಳಗೇ ಇರಬೇಕು. ಅಲ್ಲಿಂದ ತಂಗೋಲ್, ವಾಹನದಲ್ಲಿ ಕಾರ್ಗಿಲ್ ಆಸ್ಪತ್ರೆ. ತಂಗೋಲಿನಲ್ಲಿ ಒಂದು ವಾಹನ ಕಾಯಂ ನಿಂತಿರುತ್ತದೆಯೇ ಎಂದು ಆಪರೇಟರನ್ನು ಕೇಳಿ.

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಪರ್ವತಾರೋಹಣ ಹೊರಗಿರುತ್ತದೆ, ಅಥವಾ ಒಂದು ಎತ್ತರದ ಮೇಲೆ ಅನ್ವಯಿಸುವುದಿಲ್ಲ. ಹಗ್ಗ ಬಳಸುವ ಆರೋಹಣ, 7,135 ಮೀಟರ್, ರಕ್ಷಣಾ ವೆಚ್ಚ ಈ ಮೂರೂ ಪಾಲಿಸಿಯ ಬರಹದಲ್ಲಿ ಇದೆಯೇ ನೋಡಿ. ಏಜೆಂಟ್ ಬಾಯಿಮಾತು ಲೆಕ್ಕಕ್ಕಿಲ್ಲ.

ಮಹಿಳೆಯರಿಗೆ ಏನಾದರೂ ಬೇರೆ ತಯಾರಿ ಬೇಕೇ?

ಈ ಶಿಖರವನ್ನು ಮೊದಲು ಹತ್ತಿದ ಇಬ್ಬರಲ್ಲಿ ಒಬ್ಬರಾದ ಕ್ಲೋದ್ ಕೋಗಾನ್ ಮಹಿಳೆಯೇ, ಹಾಗಾಗಿ ಆಗುತ್ತದೆಯೇ ಎಂಬ ಪ್ರಶ್ನೆ ಇಲ್ಲ. ಎತ್ತರದಲ್ಲಿ ಮುಟ್ಟಿನ ದಿನಗಳು ಏರುಪೇರಾಗುವುದುಂಟು, ಯಾವ ದಿನಕ್ಕಾದರೂ ತಯಾರಾಗಿರಿ. ಬಳಸಿದ ಪ್ಯಾಡ್ ಜಿಪ್ ಚೀಲದಲ್ಲಿ ವಾಪಸ್ ಬರಬೇಕು. ಜಡೆಯಿದ್ದರೆ ಹೆಲ್ಮೆಟ್ಟಿನೊಳಗೆ ಕೂರುವಂತೆ ಕಟ್ಟುವುದನ್ನು ಊರಲ್ಲೇ ರೂಢಿಸಿಕೊಳ್ಳಿ, ಡಿಸೆಂಡರಿನಲ್ಲಿ ಕೂದಲು ಸಿಕ್ಕಿದರೆ ಬಿಡಿಸುವುದು ಕಷ್ಟ. ಹಾರ್ನೆಸ್ ಬಿಚ್ಚದೆ ಮೂತ್ರಕ್ಕೆ ಹೋಗಲು ಫನೆಲ್ ಬಳಸುವವರು ಅದನ್ನೂ ಮನೆಯಲ್ಲೇ ಅಭ್ಯಾಸ ಮಾಡಿರಬೇಕು.

ಮೇಲೆ ಶೌಚ?

ಚೀಲದಲ್ಲಿ ಮಾಡಿ, ಕಟ್ಟಿ, ಕೆಳಗೆ ತನ್ನಿ. ನಾಲ್ಕು ಹೆಜ್ಜೆ ಆಚೆಯ ಹಿಮವನ್ನೇ ಕರಗಿಸಿ ಕುಡಿಯುವುದು.

ನಗದು ಎಷ್ಟು ಇಟ್ಟುಕೊಳ್ಳಬೇಕು?

ಎಟಿಎಂ ನೆಚ್ಚಿಕೊಳ್ಳುವುದಾದರೆ ಕಾರ್ಗಿಲ್ ಕೊನೆ. ಪೋರ್ಟರ್, ಅಡುಗೆಯವರು, ಗೈಡ್‌ಗಳ ಟಿಪ್ಸ್‌ಗೆ 500ರ ನೋಟುಗಳನ್ನು ಬೇರೆಯಾಗಿ ಕಟ್ಟಿಡಿ. ತಂಡದ ಎಲ್ಲರೂ ಒಟ್ಟುಗೂಡಿಸಿ, ಪ್ರತಿಯೊಬ್ಬರ ಕೈಗೇ ಕೊಡುವುದು ಒಳ್ಳೆಯದು. ಪೋರ್ಟರ್ ಮುಖ್ಯಸ್ಥನ ಕೈಗೆ ಒಟ್ಟಿಗೆ ಕೊಟ್ಟರೆ ಎಲ್ಲರಿಗೂ ತಲುಪಿತೇ ಎಂಬ ತಕರಾರು ಉಳಿಯುತ್ತದೆ.

ನಾನು ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವುದು) ಇರುವವನು. ಭಾರತೀಯರ ತಂಡದಲ್ಲೇ ಸೇರಬಹುದೇ?

ನೇರವಾಗಿ ಇಲ್ಲ. 2021ರ ಗೃಹ ಸಚಿವಾಲಯದ ಅಧಿಸೂಚನೆಯಂತೆ ಪರ್ವತಾರೋಹಣಕ್ಕೆ ಒಸಿಐ ಕಾರ್ಡುದಾರರು ವಿಶೇಷ ಅನುಮತಿ ಪಡೆಯಬೇಕು. ಬೇರೆ ದೇಶದ ಪಾಸ್‌ಪೋರ್ಟ್ ಮಾತ್ರ ಇರುವವರಿಗೆ ಪ್ರವಾಸಿ ವೀಸಾ ಸಾಲದು, ಪರ್ವತಾರೋಹಣಕ್ಕೆಂದೇ ಕೊಡುವ ವೀಸಾ ಬೇಕು. ಶುಲ್ಕ ಬೇರೆ, ತಂಡದ ಜೊತೆ ಐಎಂಎಫ್ ನೇಮಿಸುವ ಸಂಪರ್ಕಾಧಿಕಾರಿಯೂ ಇರುತ್ತಾರೆ. ಒಬ್ಬರು ಇಂಥವರು ಸೇರಿದರೆ ಇಡೀ ತಂಡದ ಅರ್ಜಿಯ ಬಗೆ ಬದಲಾಗಬಹುದು, ಆದ್ದರಿಂದ ಹೆಸರು ನೋಂದಾಯಿಸುವಾಗಲೇ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಆಪರೇಟರಿಗೆ ತಿಳಿಸಿ, ಆರು ತಿಂಗಳ ಸಮಯ ಕೊಡಿ.